ಒದ್ದೆ ಉಡಿ, ಒಣ ಲಂಗೋಟಿ

ದೆವ್ವ, ಶಕುನ, ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳುವುದು, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ನಂಬಿದವರನ್ನು ಗೇಲಿ ಮಾಡದೆ ಬಿಟ್ಟವಳೂ ಅಲ್ಲ. ತಾಂಡೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹಲ್ಲಿ ಲೊಚಗುಟ್ಟಿತೆಂದು ಹೊರಟವರು ವಾಪಸು ಬಂದು ಕೂತರೆ, ನಿಮ್ಮ ಬಸ್ಸಿನ ಟೈಮು ಹಲ್ಲಿಗೆ ಹೇಗೆ ಗೊತ್ತಾಯಿತು ಎಂದು ಕೇಳುವುದು ನನ್ನ ಚಾಳಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಬಳಗದಲ್ಲಿ ಬೇಕಾದಷ್ಟಿದ್ದಾರೆ. ಒಬ್ಬಳಾದರೂ ಎತ್ತಿನ ಹಿಂದೆ ಹೋಗಿ ನೋಡಿ ಬರುವವಳು ಇರಲಿ ಎಂದು ನಾನು ಹೀಗೆ ಬೆಳೆದೆ. ಅಂಥವಳು ಇದನ್ನು ಬರೆಯಲು ಕೂತಿದ್ದೇನೆ ಎಂದರೆ ನನ್ನ ಗಂಡನಿಗೇ ನಗು. ನೀವೂ ನಗಬಹುದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ. ಇದರ ಅರ್ಥ ನನ್ನನ್ನು ಕೇಳಬೇಡಿ.

ನನ್ನ ತಂಗಿ ಮಂಗಲಾಳನ್ನು ಜಹೀರಾಬಾದಿಗೆ ಕೊಟ್ಟಿದೆ. ಅವಳ ಗಂಡ ಶಿವರಾಜ ಅಲ್ಲಿ ಶುಂಠಿ, ಆಲೂಗಡ್ಡೆ ವ್ಯಾಪಾರ ಮಾಡುತ್ತಾನೆ. ಅವರ ಚೊಚ್ಚಲ ಮಗ ದಿನ ತುಂಬುವುದಕ್ಕೆ ಎಷ್ಟೋ ಮುಂಚೆ ಹುಟ್ಟಿದ. ಹುಟ್ಟಿದಾಗ ಅವನನ್ನು ನೋಡಿ ನಾನು ನಿಂತ ಕಾಲಲ್ಲೇ ಹೊರಗೆ ಬಂದಿದ್ದೆ, ಅಷ್ಟು ಸಣ್ಣವನಿದ್ದ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೊಂದು ನಳಿಗೆ, ಹೊಕ್ಕುಳಿಗೊಂದು ನಳಿಗೆ, ಕೈಗೊಂದು ಸೂಜಿ ಚುಚ್ಚಿ, ಜ್ವರ ಬಂದಾಗಲೆಲ್ಲ ಬಲವಾದ ಔಷಧ ಕೊಟ್ಟು ಉಳಿಸಿಕೊಂಡರು. ಉಳಿದ. ಬಾಣಂತಿಯೂ ಕೂಸೂ ನಾರಾಯಣಖೇಡದ ನಮ್ಮ ತವರಿಗೆ ಬಂದರು. ಅಲ್ಲಿ ಅವ್ವ ಇದ್ದಾಳೆ, ಅಣ್ಣ ಇದ್ದಾನೆ. ಕೂಸು ಸ್ವಲ್ಪ ತುಂಬಿಕೊಳ್ಳಲಿ ಎಂದು ಕಾದು, ಬೇಸಿಗೆ ಶುರುವಾದ ಮೇಲೆ ತೊಟ್ಟಿಲ ಕಾರ್ಯ ಇಟ್ಟುಕೊಂಡರು.

ನಾನು ಹಿಂದಿನ ಸಂಜೆಯೇ ಹೋದೆ. ಮಂಗಲಾ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, ಕೂಸು ಎರಡು ದಿನದಿಂದ ಮಂಕಾಗಿದೆ, ಮೊಲೆ ಹಿಡಿದು ಹಿಡಿದು ಬಿಡುತ್ತದೆ ಎಂದು ಹೇಳಿದಳು. ನಾನು ಬಗ್ಗಿ ನೋಡಿದೆ. ಬಾಯಿಯೊಳಗೆ, ನಾಲಿಗೆಯ ಮೇಲೆ ಬಿಳಿ ಕೆನೆ ಕಟ್ಟಿದಂತಿತ್ತು. ಅದು ಹಾಲಿನ ಕಿಟ್ಟ, ಮೆತ್ತನ್ನ ಅರಿವೆಯಿಂದ ಒರೆಸಿದರೆ ಹೋಗುತ್ತದೆ ಎಂದು ಅವ್ವ ಅಂದಳು. ದಿನ ತುಂಬದ ಕೂಸು ಹಾಗೇ ಇರುತ್ತದೆ, ಬಿಸಿಲು ಬೇರೆ ಎಂದು ಬೀಗಿತ್ತಿ, ಮಂಗಲಾಳ ಅತ್ತೆ, ಅಂದಳು. ಇಬ್ಬರೂ ನಾಲ್ಕಾರು ಮಕ್ಕಳನ್ನು ಸಾಕಿದವರು. ಒಂದನ್ನೂ ಸಾಕದ ನಾನು ಅವರ ಎದುರು ಏನು ಹೇಳಲಿ?

ಇಲ್ಲಿ ನನ್ನದೊಂದು ಮಾತು ಹೇಳಬೇಕು. ನನಗೆ ಮಕ್ಕಳಿಲ್ಲ. ಆಸ್ಪತ್ರೆಗಳನ್ನು ಸುತ್ತಿ ಸುತ್ತಿ, ಒಂದು ದಿನ ಸಾಕು ಎಂದು ನಾನೂ ನನ್ನ ಗಂಡನೂ ಸುಮ್ಮನಾಗಿದ್ದೆವು. ಬಳಗದವರು ಸುಮ್ಮನಾಗಿರಲಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಒಂದು ನಂಬಿಕೆ ಇದೆ: ತೊಟ್ಟಿಲ ದಿನ ಕೂಸು ಬಂಜೆಯ ಉಡಿಯಲ್ಲಿ ಉಚ್ಚೆ ಹೊಯ್ದರೆ ಆ ಉಡಿ ಖಾಲಿ ಉಳಿಯುವುದಿಲ್ಲ. ಹಾಗಾಗಿ ಯಾರ ಮನೆಯ ತೊಟ್ಟಿಲಿಗೆ ಹೋದರೂ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕುವುದು, ಸುತ್ತ ಕೂತು ಕಾಯುವುದು. ಮಳೆಗೆ ಕಾದಂತೆ ಕಾಯುತ್ತಾರೆ. ಎಷ್ಟೋ ಕೂಸುಗಳು ನನ್ನ ಮೇಲೆ ನಿದ್ದೆ ಮಾಡಿವೆ, ವಾಂತಿ ಮಾಡಿವೆ, ಒಂದಂತೂ ನನ್ನ ತಾಳಿಯ ಗುಂಡನ್ನು ಬಾಯಿಗೆ ಹಾಕಿಕೊಂಡಿತ್ತು. ಬೇಕಾದದ್ದನ್ನು ಮಾತ್ರ ಒಂದೂ ಮಾಡಿರಲಿಲ್ಲ. ನಾನು ಹೊರಗೆ ನಗುತ್ತಿದ್ದೆ, ಒಳಗೆ ಉರಿಯುತ್ತಿದ್ದೆ. ಆದರೂ ಹೋಗುತ್ತಿದ್ದೆ.

ಕಾರ್ಯ ಮಧ್ಯಾಹ್ನಕ್ಕೆ ನಡೆಯಿತು. ಮುಂಜಾನೆ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಿದರು. ತೊಟ್ಟಿಲ ದಿನ ಪ್ಲಾಸ್ಟಿಕ್ಕಿನದು ಬೇಡವೆಂದು ಅವ್ವ ಅಂಗಡಿಯ ಡೈಪರ್ ತೆಗೆಸಿ, ತನ್ನ ಹಳೆಯ ಸೀರೆಯಿಂದ ಹರಿದ ಬಿಳಿ ಲಂಗೋಟಿ ಕಟ್ಟಿದಳು. ಮೇಲೊಂದು ಕುಂಚಿಗೆ. ಮೊದಲು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಅದಕ್ಕೂ ಒಂದು ಕುಂಚಿಗೆ ತೊಡಿಸಿ ತೊಟ್ಟಿಲ ಕೆಳಗೊಮ್ಮೆ ಮೇಲೊಮ್ಮೆ ದಾಟಿಸಿದರು. ಆಮೇಲೆ ಕೂಸನ್ನು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿಂದಳು. ಗುಗ್ಗರಿ ಹಂಚಿದರು. ಮುಂಜಾನೆಯಿಂದ ಕೂಸು ಒಂದು ಉಡಿಯಿಂದ ಇನ್ನೊಂದು ಉಡಿಗೆ ಹೋಗುತ್ತಲೇ ಇತ್ತು. ಆ ದಿನ ಅದು ತಾಯಿಯ ಬಳಿ ಇದ್ದದ್ದು ಹಾಲು ಕುಡಿಸುವ ಹೊತ್ತಿಗೆ ಮಾತ್ರ, ಅದನ್ನೂ ಕುಡಿಯಲಿಲ್ಲ.

ಕೊನೆಗೆ ಪದ್ಧತಿಯಂತೆ ನನ್ನ ಉಡಿಗೆ ಬಂತು. ನಾನು ಗೋಡೆಗೆ ಆತು ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದೆ. ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಕೂಸು ಅಳಲಿಲ್ಲ, ಕಣ್ಣು ಅರೆ ತೆರೆದು ಬಿದ್ದುಕೊಂಡಿತ್ತು. ಹೆಂಗಸರು ಜೋಗುಳ ಹಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ತೊಡೆಯ ಮೇಲೆ ಬೆಚ್ಚಗೆ ಆಯಿತು. ಮೊದಲು ಒಂದು ಅಂಗೈಯಷ್ಟು, ಆಮೇಲೆ ಹರಡಿತು. ಸೀರೆ ದಾಟಿ, ಲಂಗ ದಾಟಿ ಚರ್ಮಕ್ಕೆ ತಾಗಿತು. ನನ್ನ ಮುಖವೇ ಹೇಳಿರಬೇಕು. ಪಕ್ಕದಲ್ಲಿ ಕೂತಿದ್ದ ಅವ್ವ ಕೈ ಇಟ್ಟು ನೋಡಿದಳು. ಕೈ ಒದ್ದೆಯಾಯಿತು.

"ತೋಯ್ಸ್ಯಾನ ನೋಡ್ರೆವ್ವಾ," ಅಂದಳು. "ನನ್ನ ಮಗಳ ಉಡಿ ತೋಯ್ಸ್ಯಾನ."

ಹಾಡು ನಿಂತಿತು. ಎಲ್ಲರೂ ಬಂದು ನೋಡಿದರು. ಬೀಗಿತ್ತಿ ನನ್ನ ಹಣೆಗೆ ಭಂಡಾರ ಹಚ್ಚಿದಳು. ಯಾರೋ ಬರುವ ವರ್ಷ ತೊಟ್ಟಿಲು ತಾಂಡೂರಿಗೆ ಅಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಸುಮ್ಮನೆ ಅಲ್ಲ. ಸೀರೆ ಬದಲಿಸಬಾರದು, ಹಿಂಡಬಾರದು, ಮೈಮೇಲೇ ಆರಬೇಕು ಎಂದು ಅವ್ವ ತಾಕೀತು ಮಾಡಿದಳು. ನಾನು ಯಾವತ್ತಿನಂತೆ ಏನಾದರೂ ಕುಹಕ ಮಾಡಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಸಂತೋಷವಾಗಿತ್ತು. ಎಷ್ಟು ವರ್ಷಗಳಿಂದ ನಾನು ಅದಕ್ಕೇ ಕೂತು ಕಾದಿದ್ದೆ ಎನ್ನುವುದು ಆಗ ಗೊತ್ತಾಯಿತು.

ಕೂಸಿಗೆ ಥಂಡಿಯಾಗಬಾರದಲ್ಲ ಎಂದು ಲಂಗೋಟಿ ಬಿಚ್ಚಲು ಹೋದೆ. ಒಣಗಿತ್ತು.

ಒಳಗೆ ಕೈ ಹಾಕಿ ನೋಡಿದೆ. ಒಣಗಿತ್ತು. ಕುಂಚಿಗೆಯ ಅಂಚು, ಬೆನ್ನ ಕೆಳಗೆ ಹಾಸಿದ್ದ ಅರಿವೆ, ಎಲ್ಲ ಒಣಗಿತ್ತು. ಮುಂಜಾನೆ ಪೆಟ್ಟಿಗೆಯಿಂದ ತೆಗೆದ ಬಟ್ಟೆ ಹೇಗಿರುತ್ತದೋ ಹಾಗೆ ಗರಿಗರಿ ಇತ್ತು. ಅದರ ಕೆಳಗೆ ನನ್ನ ಸೀರೆ ತೋಯ್ದು ತೊಡೆಗೆ ಅಂಟಿತ್ತು.

ಕೂಸನ್ನು ಎತ್ತಿಕೊಂಡು ಎದ್ದೆ. ಸುತ್ತ ನೋಡಿದೆ. ಕಲಶ ದೇವರ ಜಗಲಿಯ ಮೇಲಿತ್ತು, ನೀರಿನ ತಂಬಿಗೆ ಬಾಗಿಲ ಬಳಿ. ನನ್ನ ಹತ್ತಿರ ನೀರೇ ಇರಲಿಲ್ಲ. ಬೇರೆ ಎಳೆಗೂಸು ಆ ಮನೆಯಲ್ಲಿ ಇರಲಿಲ್ಲ. ಸೀರೆಯ ಒದ್ದೆ ಭಾಗ ಎತ್ತಿ ಮೂಸಿದೆ. ಹಾಲು ಮಾತ್ರ ಕುಡಿಯುವ ಕೂಸಿನ ಉಚ್ಚೆಗೆ ಒಂದು ಸಣ್ಣ ವಾಸನೆ ಇರುತ್ತದಲ್ಲ, ಅದೇ. ಒಳಕೋಣೆಗೆ ಹೋದೆ, ಹೊರಗೆ ಬಂದೆ, ಹಿತ್ತಲಿಗೆ ಹೋಗಿ ಮತ್ತೆ ಬಂದೆ. ಕೂತುಕೊಳ್ಳಲು ಆಗುತ್ತಿಲ್ಲ, ನಿಂತುಕೊಳ್ಳಲು ಆಗುತ್ತಿಲ್ಲ. ಹೆಂಗಸರು ನನ್ನ ಓಡಾಟ ನೋಡಿ ಸಂತೋಷಕ್ಕೆ ತಲೆ ತಿರುಗಿದೆ ಅಂದುಕೊಂಡರು.

ಮಂಗಲಾಳನ್ನು ಕರೆದು, ಇವತ್ತು ಲಂಗೋಟಿ ಎಷ್ಟು ಸಲ ಬದಲಿಸಿದ್ದೀರಿ ಎಂದು ಕೇಳಿದೆ. ತಾನು ಒಂದೂ ಬದಲಿಸಿಲ್ಲ, ಯಾರ ಉಡಿಯಲ್ಲಿದ್ದಾಗ ಹೊಯ್ದನೋ ಅವರೇ ಬದಲಿಸಿರಬೇಕು ಎಂದಳು. ಎತ್ತಿಕೊಂಡವರನ್ನೆಲ್ಲ ಕೇಳುತ್ತಾ ಹೋದೆ. ನನ್ನ ಮೇಲೆ ಹೊಯ್ದಿಲ್ಲ, ಅವರ ಮೇಲೆ ಹೊಯ್ದಿರಬೇಕು, ಅದಕ್ಕೇ ನನ್ನ ಬಳಿ ಒಣಗಿದ್ದ ಎಂದು ಒಬ್ಬೊಬ್ಬರೂ ತಮಗಿಂತ ಮೊದಲಿನವರನ್ನು ತೋರಿಸಿದರು. ಹೀಗೆ ಹಿಂದೆ ಹಿಂದೆ ಹೋಗಿ ಮುಂಜಾನೆ ಕೂಸಿಗೆ ಎರೆದ ಅಜ್ಜಿಯ ತನಕ ಮುಟ್ಟಿದೆ. ಎರೆಯುವಾಗಲೂ ಹೊಯ್ದಿಲ್ಲ ಎಂದಳು. ಹಿಂದಿನ ರಾತ್ರಿಯ ಡೈಪರ್ ಮುಂಜಾನೆ ಹಗುರವಾಗಿತ್ತು, ತಾನೇ ಬಿಚ್ಚಿದ್ದು ಎಂದು ಮಂಗಲಾ ನೆನಪು ಮಾಡಿಕೊಂಡಳು. ತುಂಬಿದ ಮನೆಯಲ್ಲಿ ಅಷ್ಟೊಂದು ಕೈಗಳು ಎತ್ತಿದ ಕೂಸು ಇಡೀ ದಿನ ಉಚ್ಚೆ ಹೊಯ್ದಿಲ್ಲ, ಒಬ್ಬರಿಗೂ ಗೊತ್ತಾಗಿಲ್ಲ. ಈಗಂತೂ ಗೊತ್ತಾಗುವ ಪ್ರಶ್ನೆಯೇ ಇರಲಿಲ್ಲ. ನನ್ನ ಸೀರೆ ಎಲ್ಲರ ಕಣ್ಣೆದುರು ಒದ್ದೆಯಾಗಿತ್ತಲ್ಲ.

ಅವ್ವನನ್ನು ಬದಿಗೆ ಕರೆದು ಲಂಗೋಟಿ ಮುಟ್ಟಿಸಿದೆ. ಅವಳು ಮುಟ್ಟಿದಳು, ಕೈ ಹಿಂದೆ ತೆಗೆದುಕೊಂಡಳು. ಅವಳ ಮುಖ ನೋಡಲು ಆಗಲಿಲ್ಲ.

"ನಿನ್ನ ಬಾಯಿಲೇ ನೀನೇ ಕಳ್ಕೋಬ್ಯಾಡ," ಅಂದಳು ಮೆಲ್ಲಗೆ. "ಸುಮ್ನ ಕೂಡು ಮಗಳ. ಸಂಜಿತನಕ ಕೂಡು."

ನನಗೂ ಕೂರುವ ಆಸೆಯಿತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ? ಒಂದು ಮಾತು ಆಡಿದರೆ ನನಗೆ ಸಿಕ್ಕದ್ದು ಹೋಗುತ್ತದೆ, ಅಷ್ಟು ಹೆಂಗಸರ ಎದುರು. ಆದರೆ ಕೂಸಿನ ಹೊಟ್ಟೆಯ ಮೇಲೆ ನನ್ನ ಕೈ ಇತ್ತು, ಎರಡೂ ಪಕ್ಕ ಗಟ್ಟಿ ಹತ್ತುತ್ತಿತ್ತು. ಮೈ ಸುಡುತ್ತಿತ್ತು. ಪಡಸಾಲೆಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಇಂವ ಉಚ್ಚಿ ಹೊಯ್ದಿಲ್ಲ. ನನ್ನ ಮ್ಯಾಲೂ ಹೊಯ್ದಿಲ್ಲ, ಯಾರ ಮ್ಯಾಲೂ ಹೊಯ್ದಿಲ್ಲ. ಶಿವರಾಜ, ಗಾಡಿ ತಗಿ."

ಹಾಗಾದರೆ ನಿನ್ನ ಸೀರೆ ಎಂದು ಯಾರೋ ಕೇಳಿದರು. ನಾನು ಆಗಲೇ ಕೂಸಿನೊಂದಿಗೆ ಬಾಗಿಲು ದಾಟಿದ್ದೆ.

ನಾರಾಯಣಖೇಡದಿಂದ ಜಹೀರಾಬಾದಿಗೆ ಹೋಗುವ ರಸ್ತೆ ನಿಮಗೆ ಗೊತ್ತಿದ್ದರೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದವರ ಪಾಡೂ ಗೊತ್ತಿರುತ್ತದೆ. ಶಿವರಾಜ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಮಂಗಲಾ ಕೂಸನ್ನು ಅವಚಿಕೊಂಡು ಶಿವ ಶಿವ ಎನ್ನುತ್ತಿದ್ದಳು, ಅವ್ವ ಮುಂದಿನ ಸೀಟಿನಲ್ಲಿ ಕಲ್ಲಿನಂತೆ ಕೂತಿದ್ದಳು. ಹೊರಗೆ ಎಂಥ ಬಿಸಿಲೆಂದರೆ ಒಗೆದು ಹಾಕಿದ ಕೌದಿಯೂ ಗಳಿಗೆಯಲ್ಲಿ ಒಣಗಬೇಕು. ನನ್ನ ಸೀರೆ ಒಣಗಲಿಲ್ಲ. ಇಳಿಯುವಾಗ ನೋಡಿದರೆ ನಾನು ಕೂತ ಸೀಟಿನ ಬಟ್ಟೆಯೂ ತೋಯ್ದಿತ್ತು.

ಶಿವರಾಜನಿಗೆ ಪರಿಚಯದ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಬಾಯಿ ತೆರೆಸಿ ಆ ಬಿಳಿ ಕೆನೆ ನೋಡಿದರು. ಎಷ್ಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ, ಏನೇನು ಔಷಧ ಕೊಟ್ಟಿದ್ದರು ಎಂದು ಕೇಳಿದರು. ಆಮೇಲೆ ಮಾತು ಕಡಿಮೆ ಮಾಡಿ ಸ್ಕ್ಯಾನಿಂಗ್ ಮಾಡಿದರು. ಪರದೆಯ ಮೇಲೆ ನನಗೇನೂ ತಿಳಿಯಲಿಲ್ಲ. ಕಪ್ಪಿನ ನಡುವೆ ಹಿಂಜಿದ ಅರಳೆಯಂಥ ಬಿಳಿ ಮುದ್ದೆಗಳು ಕಂಡವು.

"ಎರಡೂ ಕಿಡ್ನಿ ಬಾಯಿಗಿ ಬೂಜಿನ ಉಂಡಿ ಕೂತಾವ್ರಿ," ಅಂದರು. "ನೀರು ಕೆಳಗ ಇಳ್ಯಾಕ ದಾರಿನೇ ಇಲ್ಲ. ಉಚ್ಚಿ ಚೀಲದಾಗ ಒಂದು ಹನಿ ಇಲ್ಲ."

ಬೂಜು ಅಂದರೆ ನಮ್ಮ ಕಡೆ ಬೂಷ್ಟು. ಹಳಸಿದ ರೊಟ್ಟಿಯ ಮೇಲೆ ಬರುವುದು ಕೂಸಿನ ಮೂತ್ರಪಿಂಡದಲ್ಲಿ ಹೇಗೆ ಬಂತು ಎಂದು ಶಿವರಾಜ ಬಾಯಿ ಬಿಟ್ಟುಕೊಂಡು ನಿಂತ. ದಿನ ತುಂಬದ ಮೈಗೆ ತಡೆಯುವ ಶಕ್ತಿ ಇರುವುದಿಲ್ಲ, ಬಲವಾದ ಔಷಧ ಕೆಟ್ಟ ಕ್ರಿಮಿಯ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದೆ, ಆಗ ಈ ಬೂಷ್ಟು ನಳಿಗೆಗಳ ದಾರಿ ಹಿಡಿದು ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಮನೆ ಮಾಡುತ್ತದೆ ಎಂದು ಡಾಕ್ಟರು ವಿವರಿಸಿದರು. ಯಾರ ತಪ್ಪೂ ಅಲ್ಲ, ಆ ಔಷಧ ಕೊಡದಿದ್ದರೆ ಕೂಸು ಅಂದೇ ಹೋಗುತ್ತಿತ್ತು. ಈಗ ಹೈದರಾಬಾದಿಗೆ ಓಡಿರಿ, ಬೆಳಗಿನ ತನಕ ಕಾಯುವ ಹಾಗಿಲ್ಲ ಎಂದರು. ಬರೆದುಕೊಡುತ್ತಿದ್ದವರ ಎದುರು ನಾನು ನನ್ನ ಸೀರೆ ತೋರಿಸಿದೆ. ಮಧ್ಯಾಹ್ನ ಇವನು ನನ್ನ ಮೇಲೆ ಹೊಯ್ದ, ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಬ್ಯಾರೆ ಯಾವುದೋ ಕೂಸು ಇರ್ಬೇಕ್ರಿ, ಅಕ್ಕಾರ. ಇಂವ ನಿನ್ನಿ ರಾತ್ರಿಯಿಂದ ಹೊಯ್ದಿಲ್ಲ."

ಹೈದರಾಬಾದಿನಲ್ಲಿ ಕೂಸಿನ ಬೆನ್ನಿನಿಂದ ಮೂತ್ರಪಿಂಡಕ್ಕೆ ಎಳೆಯಂಥ ನಳಿಗೆ ಇಳಿಸಿದರು. ಹೊರಗೆ ಬೆಂಚಿನ ಮೇಲೆ ಕೂತು ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ನರ್ಸು ಬಂದು ನೀರು ಇಳಿಯುತ್ತಿದೆ ಎಂದಳು. ಮಂಗಲಾ ನೆಲದ ಮೇಲೇ ಕೂತು ಅತ್ತಳು. ಅದೇ ಗಳಿಗೆಗೆ ನನ್ನ ಸೀರೆ ಒಣಗಿತು ಎಂದು ಬರೆದರೆ ಕಥೆ ಸೊಗಸಾಗುತ್ತದೆ. ನಮ್ಮ ಬಳಗದಲ್ಲಿ ಈಗ ಹಾಗೇ ಹೇಳಿಕೊಂಡು ತಿರುಗುತ್ತಾರೆ. ಆದರೆ ಅದು ಯಾವಾಗ ಒಣಗಿತೋ ನಾನು ನೋಡಲಿಲ್ಲ. ಮುಂಜಾನೆ ಕೈ ಇಟ್ಟಾಗ ಒಣಗಿತ್ತು, ಕಲೆಯೂ ಇರಲಿಲ್ಲ. ಇಷ್ಟೇ ನನಗೆ ಗೊತ್ತಿರುವುದು.

ಕೂಸು ಬದುಕಿತು. ಬೂಷ್ಟು ಕರಗಿಸುವ ಔಷಧವನ್ನು ನರದಲ್ಲಿಯೂ ಆ ನಳಿಗೆಯಲ್ಲಿಯೂ ವಾರಗಟ್ಟಲೆ ಬಿಟ್ಟರು. ಒಂದು ಮೂತ್ರಪಿಂಡ ಸ್ವಲ್ಪ ಸಣ್ಣದಾಗಿ ಉಳಿದಿದೆ, ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾರೆ. ಈಗ ಅವನು ಜಹೀರಾಬಾದಿನ ಓಣಿಯಲ್ಲಿ ಸೈಕಲ್ ಹೊಡೆಯುತ್ತಾನೆ, ನಾನು ಹೋದರೆ ಮಗ್ಗಿ ಕೇಳುತ್ತೇನೆಂದು ಬಚ್ಚಿಟ್ಟುಕೊಳ್ಳುತ್ತಾನೆ.

ನಾನು ಸುಮ್ಮನೆ ಬಿಟ್ಟವಳಲ್ಲ. ಎಲ್ಲ ದಾರಿಯಿಂದಲೂ ಯೋಚಿಸಿದ್ದೇನೆ. ಬೆವರು ಎನ್ನೋಣವೇ? ಅಷ್ಟು ಬೆವರು ಯಾರಿಗೂ ಬರುವುದಿಲ್ಲ. ಯಾರೋ ನೀರು ಚೆಲ್ಲಿದರು ಎಂದರೆ, ಬೆಚ್ಚಗಿನ ನೀರನ್ನು, ಆ ವಾಸನೆಯ ನೀರನ್ನು ಲಂಗೋಟಿ ತೋಯದಂತೆ ಚೆಲ್ಲುವುದು ಹೇಗೆ? ನನ್ನದೇ ಇರಬಹುದೇ ಎಂದೂ ಯೋಚಿಸಿದೆ, ನಗಬೇಡಿ, ನಲವತ್ತು ದಾಟಿದ ಹೆಂಗಸರಿಗೆ ಅದೂ ಆಗುತ್ತದೆ. ಆದರೆ ತೊಡೆಯ ಮೇಲೆ ತೋಯ್ದಿತ್ತು, ಕೂತ ಚಾಪೆ ಒಣಗಿತ್ತು. ಹೈದರಾಬಾದಿನ ಡಾಕ್ಟರರನ್ನು ಕೇಳಿದಾಗ, ಗಾಬರಿಯಲ್ಲಿ ನೆನಪು ಕಲಸಿಹೋಗುತ್ತದೆ ಎಂದರು. ಇರಬಹುದು. ಆದರೆ ಒದ್ದೆಯಾದಾಗ ನನಗೆ ಗಾಬರಿ ಇರಲಿಲ್ಲ, ಸಂತೋಷವಿತ್ತು. ನಿನ್ನ ಉಡಿ ತೋಯದಿದ್ದರೆ ನೀನು ಲಂಗೋಟಿ ಬಿಚ್ಚುತ್ತಿರಲಿಲ್ಲ, ನನ್ನ ಮಗ ಬೆಳಗಿನ ತನಕ ಉಳಿಯುತ್ತಿರಲಿಲ್ಲ ಎಂದು ಮಂಗಲಾ ಹೇಳುತ್ತಾಳೆ.

ಅವ್ವ ಹೇಳಿದ್ದು ಬೇರೆ. ಆಸ್ಪತ್ರೆಯಿಂದ ಕೂಸನ್ನು ಮನೆಗೆ ಕರೆತಂದ ದಿನ ನಾವಿಬ್ಬರೇ ಅಡಿಗೆಮನೆಯಲ್ಲಿದ್ದೆವು. ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಅದು ನಿಂದೇ ಇತ್ತು. ತಮ್ಮನ ಸಲುವಾಗಿ ಬಂದು ಹೋತು."

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮದುವೆಯಾದ ಹೊಸತರಲ್ಲಿ ನನಗೊಂದು ಬಸಿರು ನಿಂತಿತ್ತು. ಐದು ತಿಂಗಳಿಗೆ ಹೋಯಿತು. ಗಂಡೋ ಹೆಣ್ಣೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಅವ್ವನೂ ಅದೊಂದೇ ಸಲ ಎತ್ತಿದ್ದು. ಸತ್ತದ್ದು ಬಂದು ಉಚ್ಚೆ ಹೊಯ್ಯುತ್ತದೇನು ಅವ್ವಾ ಎಂದು ಕೇಳಲು ಬಾಯಿ ತೆರೆದೆ. ಅವಳ ಬಡಿತ ನಿಲ್ಲಲಿಲ್ಲ, ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.

ನಾನು ಅದನ್ನು ನಂಬುವುದಿಲ್ಲ. ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ, ಪಾಠ ಹೇಳುವಾಗ, ಬಸ್ಸಿನಲ್ಲಿ ಕೂತಾಗ, ತೊಡೆಯ ಮೇಲೆ ಆ ಬಿಸಿ ನೆನಪಾಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಆ ದಿನ ಕಾರಿನಲ್ಲಿ ದಾರಿಯುದ್ದಕ್ಕೂ ನಾನು ಕಿಟಕಿ ಇಳಿಸಿ, ಸೀರೆಯನ್ನು ಗಾಳಿಗೆ ಹಿಡಿದು, ಸೆರಗಿನಿಂದ ಬೀಸಿ ಬೀಸಿ, ಬೇಗ ಒಣಗಿ ಹೋಗಲಿ ಎನ್ನುತ್ತಿದ್ದೆ. ಅದು ಹೋಗಲು ಒಲ್ಲದೆ ಅಷ್ಟು ಹೊತ್ತು ನನ್ನ ಮೈಗೆ ಅಂಟಿಕೊಂಡೇ ಇತ್ತು.